ಐದು ವೋಲ್ಟು ಮತ್ತು ಅಕ್ಕನ ಹಾಡು



2022ರ ಏಪ್ರಿಲ್‌ನಲ್ಲಿ ನಮ್ಮ ಅಕ್ಕನ ಮೊಮ್ಮಗಳ ಮದುವೆ ನಡೆದಾಗ, ಹಸೆಗೆ ಕರೆಯುವ ಹೊತ್ತಿಗೆ ಚಪ್ಪರದಲ್ಲಿ ಅಕ್ಕನ ಧ್ವನಿ ಕೇಳಿಬಂದುದನ್ನು ನಿಮ್ಮಲ್ಲಿ ಕೆಲವರಾದರೂ ಮರೆತಿರಲಾರಿರಿ. ಆರು ವರ್ಷಗಳ ಹಿಂದೆಯೇ ತೀರಿಕೊಂಡವಳು ಹಾಡಿದ್ದು ಹೇಗೆಂದು ಅಂದೇ ಹಲವರು ಕೇಳಿದ್ದರು. ಹಳೆಯ ಕ್ಯಾಸೆಟ್ಟಿನದು ಎಂದಷ್ಟೇ ಹೇಳಿ ಜಾರಿಕೊಂಡಿದ್ದೆ. ಪೂರ್ಣ ಸಂಗತಿಯನ್ನು ಬಿಚ್ಚಿದ್ದರೆ, ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಬೋಧಿಸಿದವನ ಮಾನ ಆ ಚಪ್ಪರದಲ್ಲೇ ಹರಾಜಾಗುತ್ತಿತ್ತು. ಈಗ ನಿವೃತ್ತನಾಗಿ ವರ್ಷಗಳೇ ಉರುಳಿವೆ. ಇನ್ನು ಮಾನದ ಚಿಂತೆಯೇಕೆ, ಲೆಕ್ಕ ಒಪ್ಪಿಸಿಬಿಡುತ್ತೇನೆ.

1989ರ ಆಷಾಢ. ಅಕ್ಕ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಪುನರ್ವಸು ಮಳೆ ಹಿಡಿದಿತ್ತು. ನಮ್ಮ ಸಾಗರ ಸೀಮೆಯ ಮಳೆಯನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಎಲ್ಲೋ ಮರ ಬಿದ್ದು ಮೂರು ದಿನಗಳಿಂದ ವಿದ್ಯುತ್ತು ಇರಲಿಲ್ಲ. ಜೋಗದಲ್ಲಿ 1948ರಿಂದ ವಿದ್ಯುತ್ತನ್ನು ತಯಾರಿಸಿ ನಾಡಿಗೆಲ್ಲ ಹಂಚುತ್ತಿದ್ದರೂ, ಅದರ ಬೆನ್ನಿಗೇ ಇದ್ದ ನಮ್ಮ ಹಳ್ಳಿಗಳು ಮಳೆಗಾಲದಲ್ಲಿ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಊಟ ಮಾಡುತ್ತಿದ್ದವು. ಭಾವನವರು ಆ ವರ್ಷ ಕೊಂಡಿದ್ದ ಟೇಪ್ ರೆಕಾರ್ಡರಿಗೆ ನಾಲ್ಕು ದೊಡ್ಡ ಸೆಲ್ಲುಗಳನ್ನು ಹಾಕಿ, ಊಟವಾದ ಮೇಲೆ ಜಗಲಿಯಲ್ಲಿ ಅಕ್ಕನನ್ನು ಕೂರಿಸಿ, ನಾನು ಅವಳ ಹಾಡುಗಳನ್ನು ಧ್ವನಿಮುದ್ರಿಸಿಕೊಂಡೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಸುವಾಗ ಅಮ್ಮ ಹೇಳಿಕೊಟ್ಟಿದ್ದ ಪದಗಳು, ಎಲ್ಲ ಸೇರಿ ಹದಿನೆಂಟು. ಹಿನ್ನೆಲೆಗೆ ಹೆಂಚಿನ ಮೇಲಿನ ಮಳೆ. ನಡುವೆ ಒಮ್ಮೆ ಹನ್ನೆರಡು ವರ್ಷದ ಸೋದರಸೊಸೆ “ಅಮ್ಮಾ, ನಿದ್ದೆ ಬರ್ತಾ ಇದೆ” ಎಂದು ರಾಗ ಎಳೆಯುವುದೂ ಅದರಲ್ಲಿ ಸೇರಿಕೊಂಡಿದೆ.

ಕ್ಯಾಸೆಟ್ಟುಗಳಿಗೆ ನಮ್ಮ ಹವೆ ಒಗ್ಗುವುದಿಲ್ಲ. 2011ರ ವೇಳೆಗೆ ಅದರ ಪಟ್ಟಿಯ ಮೇಲೆ ಬಿಳಿಯ ಬೂಷ್ಟು ಕಾಣಿಸಿಕೊಂಡಿತ್ತು. ಬೆಂಗಳೂರಿನಲ್ಲಿದ್ದ ಮಗ ಅದನ್ನು ಒಯ್ದು, ಸ್ವಚ್ಛಗೊಳಿಸಿ, ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಅಂಗೈಯಷ್ಟಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ತುಂಬಿ ತಂದುಕೊಟ್ಟ. ಶಾಲೆಯ ವಾರ್ಷಿಕೋತ್ಸವಗಳ ಫೋಟೋಗಳೂ ಅದರಲ್ಲೇ ಇದ್ದವು. ಅಕ್ಕನಿಗೆ ಅಷ್ಟರಲ್ಲಿ ಉಬ್ಬಸ ಹೆಚ್ಚಾಗಿ ಹಾಡುವುದು ನಿಂತೇ ಹೋಗಿತ್ತು. ಮೊಮ್ಮಗಳು ಅಜ್ಜಿಯ ಮಾತನ್ನು ಕೇಳಿದ್ದಳೇ ಹೊರತು ಹಾಡನ್ನು ಕೇಳಿ ಬಲ್ಲವಳಲ್ಲ. ಆದ್ದರಿಂದಲೇ ಮದುವೆ ನಿಶ್ಚಯವಾದಾಗ ಅವಳ ತಾಯಿ, ಅಂದರೆ ಅಂದು ನಿದ್ದೆ ಬರುತ್ತದೆಂದು ಗೋಗರೆದವಳು, ದೂರವಾಣಿಯಲ್ಲಿ ಕೇಳಿದ್ದು ಒಂದೇ ಮಾತು: “ಮಾವ, ಹಸೆ ಹಾಡನ್ನು ಅಮ್ಮನ ಧ್ವನಿಯಲ್ಲೇ ಹಾಕಿಸಬಹುದಾ?” ಅದಕ್ಕೇನಂತೆ, ಹಾಕಿಸೋಣ ಎಂದೆ.

ಡಿಸ್ಕನ್ನು ಕಪಾಟಿನಿಂದ ತೆಗೆದು ಕಂಪ್ಯೂಟರಿಗೆ ಜೋಡಿಸಿದೆ. ನೀಲಿ ದೀಪ ಹತ್ತಿತು. ಒಳಗೆ ಏನೋ ತಿರುಗಲು ಹೊರಟಂತಾಗಿ ‘ಟಿಕ್’ ಎಂದಿತು. ದೀಪ ಆರಿತು. ಮತ್ತೆ ಹತ್ತಿತು, ಮತ್ತೆ ‘ಟಿಕ್’. ಗಡಿಯಾರದಂತೆ ಒಂದೇ ಸಮನೆ. ಪರದೆಯ ಮೇಲೆ ಏನೂ ಮೂಡಲಿಲ್ಲ.

ಇಲ್ಲಿ ನನ್ನ ಕಂಪ್ಯೂಟರಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಅದರ ಪೆಟ್ಟಿಗೆ ಮೇಜಿನ ಕೆಳಗೆ ಗೋಡೆಗೆ ಬೆನ್ನು ಮಾಡಿ ಕುಳಿತಿದೆ. ಹಿಂದಿನ ತೂತುಗಳಿಗೆ ಏನನ್ನಾದರೂ ಸಿಕ್ಕಿಸಬೇಕೆಂದರೆ ನೆಲಕ್ಕೆ ಮೊಣಕಾಲೂರಿ ತೆವಳಬೇಕು. ನನ್ನ ಮೊಣಕಾಲುಗಳು ಆ ಕೆಲಸದಿಂದ ನನಗಿಂತ ಮೊದಲೇ ನಿವೃತ್ತಿ ಪಡೆದಿವೆ. ಹೀಗಾಗಿ ಅದರ ಹಿಂದಿನ ವರ್ಷ ಪೇಟೆಯಿಂದ ಮೂರು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವಯರೊಂದನ್ನು ತಂದು, ಒಂದು ತುದಿಯನ್ನು ಕೆಳಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೇಜಿನ ಮೇಲೆ ತಂದಿರಿಸಿಕೊಂಡಿದ್ದೆ. ತೆಳ್ಳಗಿನ ಅಗ್ಗದ ವಯರು. ಪೆನ್ ಡ್ರೈವ್ ಹಾಕಿದರೆ ಚೆನ್ನಾಗಿಯೇ ನಡೆಯುತ್ತಿತ್ತು. ಬಹಳ ಅನುಕೂಲವಾಯಿತೆಂದು ಹೆಮ್ಮೆಯೂ ಇತ್ತು.

ಭೌತವಿಜ್ಞಾನದ ಮೇಷ್ಟರಲ್ಲವೇ, ವಯರಿನ ಮೇಲೆ ಸಂಶಯ ಬಾರದಿರಲಿಲ್ಲ. ಯುಎಸ್‌ಬಿ ವಯರಿನೊಳಗೆ ಸಾಮಾನ್ಯವಾಗಿ ನಾಲ್ಕು ಎಳೆಗಳಿರುತ್ತವೆ. ಹಸಿರು ಮತ್ತು ಬಿಳಿ ಎಳೆಗಳು ಮಾಹಿತಿಯನ್ನು ಒಯ್ಯುತ್ತವೆ, ಕೆಂಪು ಎಳೆ 5 ವೋಲ್ಟು, ಕಪ್ಪು ಎಳೆ ಅದು ಮರಳುವ ದಾರಿ. ಪುಟ್ಟ ಡಿಸ್ಕಿಗೆ ಬೇರೆ ಪ್ಲಗ್ಗು ಏಕಿಲ್ಲವೆಂದು ಹಲವರು ನನ್ನನ್ನು ಕೇಳಿದ್ದಿದೆ. ಅದರ ಅನ್ನವೂ ಅಕ್ಷರವೂ ಒಂದೇ ವಯರಿನಲ್ಲಿ ಬರುತ್ತವೆ ಎನ್ನುವುದೇ ಉತ್ತರ. ಹಳೆಯ ಮೊಬೈಲ್ ವಯರೊಂದನ್ನು ಕತ್ತರಿಸಿ, ಕೆಂಪು ಕಪ್ಪು ಎಳೆಗಳ ತುದಿಯನ್ನು ಸುಲಿದು, ಎಕ್ಸ್‌ಟೆನ್ಷನ್ನಿನ ಮೇಜಿನ ಮೇಲಿನ ತುದಿಗೆ ಸಿಕ್ಕಿಸಿ, ಮಲ್ಟಿಮೀಟರ್ ಹಿಡಿದೆ. ತೋರಿದ್ದು 5.02. ನಿಖರವಾದ ಐದು ವೋಲ್ಟು! ವಯರು ನಿರ್ದೋಷಿ ಎಂದು ತೀರ್ಪು ಕೊಟ್ಟೆ. ಈ ತೀರ್ಪೇ ನನ್ನ ಮಾನದ ಪ್ರಶ್ನೆ. ಓದುಗರಲ್ಲಿ ಯಾರಿಗಾದರೂ ತಪ್ಪು ಈಗಲೇ ಹೊಳೆದಿದ್ದರೆ, ಅವರು ನನ್ನ ತರಗತಿಯಲ್ಲಿ ನಿದ್ದೆ ಮಾಡಿರಲಿಲ್ಲವೆಂದು ತಿಳಿಯುತ್ತೇನೆ.

ಮರುದಿನ ಡಿಸ್ಕನ್ನು ಆ ವಯರಿನ ಸಮೇತ ಚೀಲಕ್ಕೆ ಹಾಕಿಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಹುಡುಗ ತುಂಬಾ ಅವಸರದಲ್ಲಿದ್ದ. ಅವನ ಮೇಜಿನ ಮೇಲೊಂದು ಪುಟ್ಟ ಹಬ್ಬು, ಅದಕ್ಕೆ ಮೌಸು, ಕೀಬೋರ್ಡು, ಮತ್ತೇನೇನೋ ಜೋತುಬಿದ್ದಿದ್ದವು. ಉಳಿದಿದ್ದ ತೂತಿಗೆ ನನ್ನ ವಯರನ್ನು ಸಿಕ್ಕಿಸಿ, ನಾಲ್ಕು ಸಲ ‘ಟಿಕ್’ ಕೇಳಿ, ಕಿತ್ತು ಕೈಗಿತ್ತ. “ಹೆಡ್ ಹೋಗಿದೆ ಸಾರ್. ಬೆಂಗಳೂರಿಗೆ ಕಳಿಸಿದರೆ ಡಾಟಾ ತೆಗೆಯುತ್ತಾರೆ. ಹತ್ತಿಪ್ಪತ್ತು ಸಾವಿರ ಆದೀತು. ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ.” ಅವನನ್ನು ದೂರಲಾರೆ. ಟಿಕ್‌ಟಿಕ್ ಸದ್ದು ಬಹಳ ಸಲ ಓದುವ ತಲೆ ಕೆಟ್ಟದ್ದರ ಲಕ್ಷಣವೇ. ಮಗನ ಆಗಿನ ಲ್ಯಾಪ್‌ಟಾಪು ಎಂದೋ ಕಾಲವಾಗಿತ್ತು, ಬೇರೆ ಪ್ರತಿಯಿರಲಿಲ್ಲ. ಕ್ಯಾಸೆಟ್ಟಂತೂ ಬೂಷ್ಟು ತಿಂದು ಪಟ್ಟಿಯೇ ಅಂಟಿಕೊಂಡಿತ್ತು.

ಅಂದು ಸಂಜೆ ಸೋದರಸೊಸೆಗೆ ಫೋನು ಮಾಡಿ, ಹಾಡು ಹೋಯಿತೆಂದು ತೋರುತ್ತದಮ್ಮ ಎಂದೆ. ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಇರಲಿ ಬಿಡಿ ಮಾವ. ಅಮ್ಮನ ಹಾಡು ನನಗೆ ನೆನಪಿದೆ. ಇವಳಿಗೊಮ್ಮೆ ಕೇಳಿಸಬೇಕಿತ್ತು, ಅಷ್ಟೇ” ಎಂದಳು. ಆ ‘ಅಷ್ಟೇ’ ಎಂಬ ಮಾತನ್ನು ಹೊತ್ತುಕೊಂಡು ಹತ್ತು ದಿನ ಓಡಾಡಿದೆ. ಒಂದು ಪ್ರತಿ ತೆಗೆದಿಡುವಷ್ಟು ಬುದ್ಧಿ ಇಲ್ಲದೆ ಹೋಯಿತಲ್ಲ ಎಂದು ನನ್ನ ಹೆಂಡತಿ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಹಗುರವಾಗುತ್ತಿತ್ತು.

ಆ ದಿನಗಳಲ್ಲೇ ನಮ್ಮ ಬಾವಿಯ ಪಂಪು ಕೆಟ್ಟಿತು. ಅದನ್ನು ನೋಡಲು ಬಂದವನು ನನ್ನದೇ ಹಳೆಯ ವಿದ್ಯಾರ್ಥಿ. ಹೆಸರು ಬರೆಯಕೂಡದೆಂದು ಅವನ ಅಪ್ಪಣೆಯಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿಯೇ ಅನುತ್ತೀರ್ಣನಾಗಿ, ಮರುಪರೀಕ್ಷೆಯಲ್ಲಿ ದಡ ಸೇರಿ, ಐಟಿಐ ಮುಗಿಸಿ, ಇಂದು ಸುತ್ತಲಿನ ಹತ್ತೂರಿಗೆ ಬೇಕಾದ ವೈರ್‌ಮನ್ ಆಗಿದ್ದಾನೆ. ಅವನ ಕುರಿತು ನನ್ನ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಅವನು ಉತ್ತರ ಹೇಳದೆ ನಿಂತಾಗ, “ನಿನ್ನ ತಲೆಗೆ ಕರೆಂಟೇ ಹತ್ತುವುದಿಲ್ಲವೇನೋ” ಎಂದುಬಿಟ್ಟಿದ್ದೆ. ತರಗತಿಯೆಲ್ಲ ನಕ್ಕಿತ್ತು. ಮೇಷ್ಟರಿಗೆ ಇಂಥ ಮಾತುಗಳು ಸುಲಭವಾಗಿ ಬರುತ್ತವೆ, ಚಪ್ಪಾಳೆಯೂ ಸುಲಭವಾಗಿ ಸಿಗುತ್ತದೆ.

ಪಂಪಿನ ಕೆಲಸ ಮುಗಿಸಿ ಕಾಫಿಗೆ ಒಳಗೆ ಬಂದು ಕುಳಿತಿದ್ದ. ನಾನು ಹಟ ಬಿಡಲಾರದೆ ಮತ್ತೊಮ್ಮೆ ಡಿಸ್ಕನ್ನು ಸಿಕ್ಕಿಸಿ ನೋಡುತ್ತಿದ್ದೆ. ಟಿಕ್, ಟಿಕ್, ಟಿಕ್. ಅವನು ಲೋಟ ಕೆಳಗಿಟ್ಟು ಕಿವಿಗೊಟ್ಟ. “ಸಾರ್, ಇದರೊಳಗೆ ಮೋಟಾರು ಇದೆಯಾ?” ಇದೆ ಎಂದೆ. “ಹಾಗಾದರೆ ಅದು ಎತ್ತುತ್ತಿಲ್ಲ. ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ಟು ಎತ್ತಲಾರದೆ ಬೀಳುತ್ತದಲ್ಲ, ಹಾಗೇ ಕೇಳುತ್ತಿದೆ.” ನಾನು ಸ್ವಲ್ಪ ಬಿಗುಮಾನದಿಂದಲೇ, ವೋಲ್ಟೇಜು ನೋಡಿದ್ದೇನಪ್ಪ, ಸರಿಯಾಗಿ ಐದಿದೆ ಎಂದೆ. ಅವನು ಬಹಳ ಸಂಕೋಚದಿಂದ ಕೇಳಿದ: “ಓಡುತ್ತಿರುವಾಗ ನೋಡಿದಿರಾ ಸಾರ್, ಸುಮ್ಮನಿರುವಾಗ ನೋಡಿದಿರಾ?”

ಮಿತ್ರರೇ, ಆ ಕ್ಷಣ ನನಗೆ 1983 ನೆನಪಾಯಿತು. ಬಿ.ಎಡ್. ಓದುವಾಗ ಅಭ್ಯಾಸ ಪಾಠಕ್ಕೆ ನಾನು ಆರಿಸಿಕೊಂಡಿದ್ದು ಓಮ್‌ನ ನಿಯಮ. ಹಿಂದಿನ ಬೆಂಚಿನಲ್ಲಿ ವೀಕ್ಷಕರಾಗಿ ಅಧ್ಯಾಪಕರು ಕುಳಿತಿದ್ದರು. ಮೇಜಿನ ಮೇಲೆ ಸೆಲ್ಲು, ಬಲ್ಬು, ವೋಲ್ಟ್‌ಮೀಟರು. ಬಲ್ಬು ಉರಿಯಲೇ ಇಲ್ಲ. ಸೆಲ್ಲನ್ನು ಬಿಡಿಯಾಗಿ ಅಳೆದರೆ ಒಂದೂವರೆ ವೋಲ್ಟು ತೋರಿಸುತ್ತಿತ್ತು. ಬಲ್ಬು ಜೋಡಿಸಿದೊಡನೆ ಮುಳ್ಳು ಕುಸಿಯುತ್ತಿತ್ತು. ಸವೆದ ಸೆಲ್ಲಿನ ಒಳಗೇ ರೋಧ ಹೆಚ್ಚಿರುತ್ತದೆ, ಹೊರೆ ಬಿದ್ದಾಗಲೇ ಅದರ ಬಣ್ಣ ಬಯಲಾಗುತ್ತದೆ ಎಂದು ಅಂದು ಅಧ್ಯಾಪಕರು ಪಾಠದ ನಂತರ ತಿಳಿಸಿಕೊಟ್ಟಿದ್ದರು. ಅದನ್ನೇ ನಾನು ಮುಂದೆ ವರ್ಷ ವರ್ಷವೂ ನಿಮಗೆ ಹೇಳಿದ್ದೆ. ಪ್ರವಾಹವೇ ಹರಿಯದಿದ್ದರೆ ವಯರಿನಲ್ಲಿ ವೋಲ್ಟೇಜು ಇಳಿಯುವ ಪ್ರಶ್ನೆಯೇ ಇಲ್ಲ. ಮಲ್ಟಿಮೀಟರು ಎಳೆದುಕೊಳ್ಳುವ ಪ್ರವಾಹ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಅಂಥ ಮೀಟರಿಗೆ ಮೂರು ಮೀಟರಿನ ವಯರಾದರೇನು, ಮುನ್ನೂರು ಮೀಟರಿನ ವಯರಾದರೇನು, ಐದು ವೋಲ್ಟೇ ಕಾಣುತ್ತದೆ!

ಅವನು ನನ್ನ ಮುಖವನ್ನು ನೋಡಿ ಮತ್ತೇನೂ ಕೇಳಲಿಲ್ಲ. ಮೇಜಿನ ಕೆಳಗೆ ತಾನೇ ನುಸುಳಿದ. ಉದ್ದ ವಯರನ್ನು ಕಿತ್ತೆಸೆದು, ಡಿಸ್ಕಿನ ಸ್ವಂತ ಗೇಣುದ್ದದ ವಯರನ್ನು ಪೆಟ್ಟಿಗೆಯ ಹಿಂಬದಿಗೆ ನೇರವಾಗಿ ಸಿಕ್ಕಿಸಿದ. ಒಂದು ಸಲ ‘ಟಿಕ್’ ಎಂದಿತು. ನನ್ನ ಎದೆ ನಿಂತಿತು. ಆಮೇಲೆ ‘ಸುಂಯ್’ ಎಂದು ಸಣ್ಣಗೆ ಹೊರಟ ಸ್ವರ ಮೇಲೇರಿ ಮೇಲೇರಿ ಒಂದು ಶ್ರುತಿಯಲ್ಲಿ ನೆಲೆಸಿತು. ನೀಲಿ ದೀಪ ಆರಲಿಲ್ಲ. ಪರದೆಯ ಮೇಲೆ ಕಡತಗಳು ಒಂದೊಂದಾಗಿ ಮೂಡಿದವು. ‘ಅತ್ತೆಯ ಹಾಡುಗಳು’ ಎಂದು ಮಗ ಹೆಸರಿಟ್ಟಿದ್ದ ಕಡತವೂ ಅಲ್ಲಿತ್ತು.

ಅವನು ಹೋದ ಮೇಲೆ ಲಗ್ನಪತ್ರಿಕೆಯ ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆಸಿದ್ದೆನೋ, ಅದೇ ಲೆಕ್ಕ. ಇಂಥ ಅಗ್ಗದ ವಯರಿನೊಳಗಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.2 ಓಮ್ ರೋಧ. ಉದ್ದ 3 ಮೀಟರು. ಆದರೆ ಪ್ರವಾಹ ಕೆಂಪಿನಲ್ಲಿ ಹೋಗಿ ಕಪ್ಪಿನಲ್ಲಿ ಮರಳಬೇಕು, ಆದ್ದರಿಂದ 6 ಮೀಟರು. (ಈ ಎರಡರಿಂದ ಗುಣಿಸುವುದನ್ನು ಪರೀಕ್ಷೆಯಲ್ಲಿ ಅರ್ಧ ತರಗತಿ ಮರೆಯುತ್ತಿತ್ತು.) ಒಟ್ಟು 1.2 ಓಮ್. ಇಂಥ ಪುಟ್ಟ ಡಿಸ್ಕು ಒಮ್ಮೆ ತಿರುಗತೊಡಗಿದ ಮೇಲೆ ಅರ್ಧ ಆಂಪಿಯರಿನ ಆಸುಪಾಸಿನಲ್ಲಿ ಬದುಕಿಕೊಳ್ಳುತ್ತದೆ. ನಿಂತದ್ದು ಎದ್ದು ಹೊರಡುವ ಮೊದಲ ಕ್ಷಣಗಳಲ್ಲಿ ಮಾತ್ರ ಒಂದು ಆಂಪಿಯರಿನಷ್ಟು ಬೇಡಬಹುದು. ಆಗ ವಯರಿನಲ್ಲೇ ಕಳೆದುಹೋಗುವುದು 1.2 ವೋಲ್ಟು. ಡಿಸ್ಕಿಗೆ ಮುಟ್ಟುವುದು 3.8. ಐದು ವೋಲ್ಟಿನಲ್ಲಿ ನೂರಕ್ಕೆ ಐದರಷ್ಟು ಏರುಪೇರನ್ನು, ಎಂದರೆ 4.75ರವರೆಗಿನ ಇಳಿತವನ್ನು, ಇಂಥ ಡಿಸ್ಕುಗಳು ಸಹಿಸಿಕೊಳ್ಳುವಂತೆ ಮಾಡಿರುತ್ತಾರೆ. 3.8ರಲ್ಲಿ ಅದು ಏಳುವುದು ಹೇಗೆ? ಏಳಲು ಹೋಗಿ, ವೋಲ್ಟೇಜು ಕುಸಿದು, ಒಳಗಿನ ಚಿಪ್ಪು ಎಚ್ಚರ ತಪ್ಪಿ, ಹೊರೆ ತಪ್ಪಿದಾಗ ವೋಲ್ಟೇಜು ಮತ್ತೆ ಐದಕ್ಕೇರಿ, ಮತ್ತೆ ಏಳಲು ಹೋಗಿ... ಅದೇ ಆ ಟಿಕ್‌ಟಿಕ್.

ನಮ್ಮ ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಹೊರಟ ಲೈನಿನ ಕೊನೆಯ ಮನೆ ನಮ್ಮದೇ ಆಗಿತ್ತು. ಸಂಜೆ ಎಲ್ಲರ ತೋಟದ ಪಂಪುಗಳು ಹೊರಟೊಡನೆ ನಮ್ಮ ಬಲ್ಬು ಕೆಂಪು ದಾಸವಾಳದ ಮೊಗ್ಗಾಗುತ್ತಿತ್ತು. ಕಂಪ್ಯೂಟರನ್ನು ಟ್ರಾನ್ಸ್‌ಫಾರ್ಮರ್ ಎಂದುಕೊಳ್ಳಿ, ಅಕ್ಕನ ಹಾಡಿದ್ದ ಡಿಸ್ಕನ್ನು ನಾನು ಲೈನಿನ ಕೊನೆಯ ಮನೆಗೆ ಕಳಿಸಿದ್ದೆ. ಪೆನ್ ಡ್ರೈವಿನಲ್ಲಿ ತಿರುಗುವಂಥದ್ದೇನೂ ಇಲ್ಲ, ಅದು ಮಿಣುಕು ಬಲ್ಬಿನಂತೆ ಎಲ್ಲಿಯಾದರೂ ಬದುಕುತ್ತದೆ. ಮೋಟಾರಿಗೆ ಹಾಗಾಗದು.

ಪೇಟೆಯ ಅಂಗಡಿಯಲ್ಲಿ ಏನಾಯಿತೆಂಬುದೂ ಆಗ ತಿಳಿಯಿತು. 1996ರಲ್ಲಿ ಯುಎಸ್‌ಬಿಯ ನಿಯಮಗಳನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಹೆಚ್ಚಾಗಿ ಕೀಬೋರ್ಡು, ಮೌಸಿನಂಥ ಅಲ್ಪಾಹಾರಿಗಳು. ಹೆಚ್ಚೆಂದರೆ 500 ಮಿಲಿಆಂಪಿಯರ್, ಎಂದರೆ ಎರಡೂವರೆ ವಾಟು ಎಂದು ಅವರು ಪಡಿ ನಿಗದಿಪಡಿಸಿದರು. 2000ದಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ವೇಗ ಹೆಚ್ಚಿತು, ಪಡಿ ಹೆಚ್ಚಲಿಲ್ಲ. ಸ್ವಂತ ಅಡಾಪ್ಟರಿಲ್ಲದ ಹಬ್ಬಾದರೆ ಆ 500ರಲ್ಲೇ ತಾನೂ ಉಂಡು ಉಳಿದವರಿಗೂ ಬಡಿಸಬೇಕು. ಒಂದೊಂದು ತೂತಿಗೆ ನಿಯಮದ ಪ್ರಕಾರ ನೂರು ಮಿಲಿಆಂಪಿಯರೇ ಗಟ್ಟಿ. ಅಲ್ಲಿಗೆ ನನ್ನ ಮೂರು ಮೀಟರೂ ಸೇರಿದ ಮೇಲೆ ಡಿಸ್ಕು ಎದ್ದಿದ್ದರೆ ಅದೇ ಪವಾಡ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಪಡಿಯನ್ನು 900 ಮಿಲಿಆಂಪಿಯರಿಗೆ ಏರಿಸಿದರು. ತೂತಿನೊಳಗಿನ ನಾಲಗೆ ಬಹುಪಾಲು ಕಂಪ್ಯೂಟರುಗಳಲ್ಲಿ ನೀಲಿ ಬಣ್ಣದ್ದಾಗಿರುವುದರಿಂದ ಗುರುತಿಸುವುದು ಸುಲಭ. ಹೊಸ ಟೈಪ್-ಸಿ ತೂತುಗಳಲ್ಲಿ ಕೆಲವು 5 ವೋಲ್ಟಿನಲ್ಲೇ 3 ಆಂಪಿಯರಿನವರೆಗೂ ಕೊಡಬಲ್ಲವು. ನನ್ನ ಹಳೆಯ ಪೆಟ್ಟಿಗೆಗೆ ಆ ಭಾಗ್ಯವಿಲ್ಲ.

ಇನ್ನೊಂದು ಹಾಸ್ಯ ಕೇಳಿ. 2011ರಲ್ಲಿ ಆ ಡಿಸ್ಕಿನ ಡಬ್ಬಿಯಲ್ಲೇ ಒಂದು ವಿಚಿತ್ರ ವಯರು ಬಂದಿತ್ತು. ಒಂದು ಕಡೆ ಒಂದು ತುದಿ, ಇನ್ನೊಂದು ಕಡೆ ಕವಲೊಡೆದು ಎರಡು. ಒಂದು ಡಿಸ್ಕನ್ನು ಎರಡು ಕಂಪ್ಯೂಟರುಗಳಿಗೆ ಒಟ್ಟಿಗೆ ಹಚ್ಚಲು ಇರಬೇಕೆಂದು ಭಾವಿಸಿ, ನಮಗಿರುವುದೇ ಒಂದು ಎಂದುಕೊಂಡು ಅಟ್ಟಕ್ಕೆ ಸೇರಿಸಿದ್ದೆ. ಅದು ಇರುವುದು ಒಂದೇ ಕಂಪ್ಯೂಟರಿನ ಎರಡು ತೂತುಗಳಿಂದ ಎರಡು ಪಾಲು ಆಹಾರ ತರಲು! ಮಾಹಿತಿ ಒಂದರಲ್ಲಿ ಮಾತ್ರ ಹೋಗುತ್ತದೆ, ವಿದ್ಯುತ್ತು ಎರಡರಿಂದಲೂ ಬರುತ್ತದೆ. ಒಂದು ಎತ್ತಿನಿಂದ ಗಾಡಿ ಕದಲದಿದ್ದರೆ ಇನ್ನೊಂದನ್ನು ಕಟ್ಟುವ ಉಪಾಯ. ಹನ್ನೊಂದು ವರ್ಷ ಅದು ಅಟ್ಟದ ಮೇಲೆ ಜೇಡರ ಬಲೆಯೊಡನೆ ಮಲಗಿತ್ತು.

ಇಲ್ಲಿಗೇ ನಿಂತಿದ್ದರೆ ಒಂದೇ ಪೆದ್ದುತನದಲ್ಲಿ ಮುಗಿಯುತ್ತಿತ್ತು. ಬುದ್ಧಿ ಬಂದವನಂತೆ ಅಂದೇ ರಾತ್ರಿ ಇನ್ನೊಂದು ಪ್ರತಿ ಮಾಡಿಡಲು ಹೊರಟೆ. ಮಗ ಬಿಟ್ಟುಹೋಗಿದ್ದ ಇಟ್ಟಿಗೆಯಂಥ ದೊಡ್ಡ ಡಿಸ್ಕೊಂದು ಮನೆಯಲ್ಲಿತ್ತು. ಮೂರೂವರೆ ಇಂಚಿನದು. ಪುಟ್ಟ ಡಿಸ್ಕು ಮೂಲತಃ ಲ್ಯಾಪ್‌ಟಾಪಿಗಾಗಿ ಹುಟ್ಟಿದ್ದು, ಅದರ ಮೋಟಾರು 5 ವೋಲ್ಟಿನಲ್ಲೇ ತಿರುಗುತ್ತದೆ. ದೊಡ್ಡದರ ಹುಟ್ಟೂರು ಮೇಜಿನ ಕಂಪ್ಯೂಟರಿನ ಪೆಟ್ಟಿಗೆ. ಆ ಪೆಟ್ಟಿಗೆ ಬಿಚ್ಚಿದವರು ಕೆಂಪು, ಹಳದಿ, ಕಪ್ಪು ವಯರುಗಳನ್ನು ನೋಡಿರುತ್ತೀರಿ. ಕೆಂಪು 5 ವೋಲ್ಟು, ಹಳದಿ 12 ವೋಲ್ಟು. ದೊಡ್ಡ ಡಿಸ್ಕಿನ ಮೋಟಾರು ಆ ಹಳದಿಯ ಕೂಸು. ಹೊರಡುವಾಗ ಅದಕ್ಕೆ ಇಪ್ಪತ್ತು ವಾಟಿಗೂ ಮೀರಿ ಬೇಕಾಗುತ್ತದೆ. ಎರಡೂವರೆ ವಾಟಿನ ಯುಎಸ್‌ಬಿ ತೂತು ಅದನ್ನು ಸಾಕೀತೇ? ಆದ್ದರಿಂದ ಅದಕ್ಕೆ ಗೋಡೆಗೆ ಹಾಕುವ ಪ್ರತ್ಯೇಕ 12 ವೋಲ್ಟಿನ ಅಡಾಪ್ಟರು.

ಆ ಅಡಾಪ್ಟರೇ ಸಿಗಲಿಲ್ಲ. ಎಲ್ಲರ ಮನೆಯಲ್ಲಿರುವಂತೆ ನಮ್ಮಲ್ಲೂ ಒಂದು ರಟ್ಟಿನ ಡಬ್ಬಿಯ ತುಂಬ ಅನಾಥ ಅಡಾಪ್ಟರುಗಳಿವೆ. ರಾತ್ರಿಯ ಮಂದ ಬೆಳಕಿನಲ್ಲಿ ಒಂದೊಂದೇ ತೂರಿಸಿ ನೋಡಿದೆ. ಒಂದು ಅಚ್ಚು ಹೊಯ್ದಂತೆ ಕುಳಿತಿತು. ಸ್ವಿಚ್ಚು ಹಾಕಿದೆ. ‘ಚಟ್’ ಎಂದು ಸಣ್ಣ ಸದ್ದು, ಹಿಂದೆಯೇ ಕಮಟು ವಾಸನೆ. ಕನ್ನಡಕ ಹಾಕಿಕೊಂಡು ಓದಿದರೆ ಅದು ಹಳೆಯ ಲ್ಯಾಪ್‌ಟಾಪಿನದು, 19 ವೋಲ್ಟಿನದು! ದುಂಡು ಪಿನ್ನು ಹೊಂದಿತೆಂದರೆ ಜಾತಕವೂ ಹೊಂದಿತೆಂದು ನಂಬಿದ್ದಕ್ಕೆ ಸಿಕ್ಕ ಫಲ. ಯುಎಸ್‌ಬಿಯಲ್ಲಿ ಈ ಅಪಾಯವಿರಲಿಲ್ಲ. ಯಾವ ತೂತಿಗೆ ಹಾಕಿದರೂ ಮೊದಲಿಗೆ ಬರುವುದು 5 ವೋಲ್ಟೇ. ಟೈಪ್-ಸಿಯಲ್ಲೂ ಸಾಧನ ಕೇಳಿ ಒಪ್ಪಂದವಾದ ಮೇಲಷ್ಟೇ ವೋಲ್ಟೇಜು ಏರುತ್ತದೆ. ದುಂಡು ಪಿನ್ನಿಗೆ ಅಂಥ ಮಾತುಕತೆ ತಿಳಿಯದು.

ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಅದನ್ನು ಬಿಚ್ಚಿ, ಮೀಟರು ಹಿಡಿದು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಬಿಡಿಭಾಗವನ್ನು ತೋರಿಸಿದ. ಅದೊಂದು ರಕ್ಷಕ ಡಯೋಡು. ಮಿತಿ ಮೀರಿದ ವೋಲ್ಟೇಜು ಬಂದಾಗ ಪ್ರವಾಹವನ್ನೆಲ್ಲ ತನ್ನ ಮೈಮೇಲೆ ಎಳೆದುಕೊಂಡು, ತಾನು ಸುಟ್ಟು, ಹಿಂದಿರುವವರನ್ನು ಉಳಿಸುವುದೇ ಅದರ ಉದ್ಯೋಗ. ಹಾಗೆ ಸುಟ್ಟದ್ದು ಅಡ್ಡವಾಗಿ ಮಲಗಿಬಿಡುವುದರಿಂದ ಸರಿಯಾದ ಅಡಾಪ್ಟರು ಹಾಕಿದರೂ ಡಿಸ್ಕು ಸತ್ತಂತೆಯೇ ಕಾಣುತ್ತದೆ. ಅವನು ಅದನ್ನು ಕಾಯಿಸಿ ಕಿತ್ತ. ಹನ್ನೆರಡು ವೋಲ್ಟು ಕೊಟ್ಟಾಗ ಇಟ್ಟಿಗೆ ಮತ್ತೆ ತಿರುಗಿತು. ಆದರೆ ಇನ್ನು ಕಾವಲುಗಾರನಿಲ್ಲ, ಮತ್ತೊಮ್ಮೆ ಹೀಗೆ ಮಾಡಬೇಡಿ ಅಜ್ಜ ಎಂದು ಎಚ್ಚರಿಸಿ, ನೂರೈವತ್ತು ರೂಪಾಯಿ ತೆಗೆದುಕೊಂಡ. ಅಂದಿನಿಂದ ನಮ್ಮ ಮನೆಯ ಪ್ರತಿ ಅಡಾಪ್ಟರಿನ ಮೇಲೂ ಅದು ಯಾವುದರದು, ಎಷ್ಟು ವೋಲ್ಟು, ಎಷ್ಟು ಆಂಪಿಯರು ಎಂದು ಬಿಳಿಯ ಪಟ್ಟಿ ಅಂಟಿಸಿದ್ದೇನೆ. ವೋಲ್ಟು ಅಷ್ಟೇ ಇರಬೇಕು, ಆಂಪಿಯರು ಅಷ್ಟಾದರೂ ಇರಬೇಕು, ಧನ ಋಣಗಳು ಅದಲುಬದಲಾಗಿರಬಾರದು. ಮೂರನ್ನೂ ನೋಡಿಯೇ ಸ್ವಿಚ್ಚು ಹಾಕುವುದು.

ಪ್ರಾಸಂಗಿಕವಾಗಿ ಒಂದು ಮಾತು. ಪದೇಪದೇ ಕರೆಂಟು ಹೋಗುವ ನಮ್ಮೂರಿನಲ್ಲಿ ಡಿಸ್ಕುಗಳು ಬದುಕುವುದು ಹೇಗೆಂದು ನನಗೆ ಸೋಜಿಗವಿತ್ತು. ಓದುವ ತಲೆ ಬಿಲ್ಲೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಥಟ್ಟನೆ ವಿದ್ಯುತ್ತು ನಿಂತರೆ ಅದು ಕುಸಿದು ಬಿಲ್ಲೆಯನ್ನು ಗೀರಬೇಕಲ್ಲವೇ? ಬಿಲ್ಲೆ ಆ ಕ್ಷಣಕ್ಕೆ ನಿಲ್ಲುವುದಿಲ್ಲ, ಬಂದ ವೇಗದಲ್ಲಿ ಇನ್ನೂ ಸುತ್ತುತ್ತಿರುತ್ತದೆ. ಆಗ ಮೋಟಾರೇ ಡೈನಮೋ ಆಗಿ ಚೂರು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಕೊನೆಯ ಉಸಿರಿನ ಬಲದಲ್ಲೇ ತಲೆಯನ್ನು ಸುರಕ್ಷಿತ ಜಾಗಕ್ಕೆ ಎಳೆದು ಮಲಗಿಸುತ್ತಾರೆ. ಇದನ್ನು ಓದಿ ತಿಳಿದ ದಿನ, ಸೈಕಲ್ಲಿನ ಡೈನಮೋ ತೋರಿಸಿ ಪಾಠ ಮಾಡುತ್ತಿದ್ದ ನನಗೆ ಇನ್ನೊಮ್ಮೆ ತರಗತಿಗೆ ಹೋಗಬೇಕೆನಿಸಿತು. ಹಾಗೆಂದು ಡಿಸ್ಕನ್ನು ಕಂಡಕಂಡಾಗ ಕೀಳಬೇಡಿ. ತಲೆ ಉಳಿದರೂ ಅರ್ಧ ಬರೆದ ಕಡತ ಉಳಿಯದು.

ವೈರ್‌ಮನ್ ಮಿತ್ರನ ವಿಷಯಕ್ಕೆ ಬರುತ್ತೇನೆ. ಅಂದು ಪಂಪಿನ ಕೂಲಿಯನ್ನಷ್ಟೇ ಪಡೆದ, ಡಿಸ್ಕಿನದಕ್ಕೆ ಬೇಡವೆಂದ. ಅಂಗಳದವರೆಗೆ ಹೋಗಿ, ಮನಸ್ಸು ತಡೆಯದೆ, ಒಂಬತ್ತನೆಯ ತರಗತಿಯಲ್ಲಿ ಆಡಿದ ಆ ಮಾತಿನ ವಿಷಯ ಎತ್ತಿದೆ. ಅವನು ಬೈಕಿನ ಮೇಲೆ ಕುಳಿತು ನಕ್ಕ. “ಯಾವ ಮಾತು ಸಾರ್? ನೀವು ದಿನಾ ಏನಾದರೂ ಹೇಳುತ್ತಿದ್ದಿರಿ.” ಮರೆತಿದ್ದನೋ, ಮರೆತಂತೆ ಮಾಡಿದನೋ ಕೇಳುವ ಧೈರ್ಯ ನನಗಾಗಲಿಲ್ಲ.

ಆ ರಾತ್ರಿ ಸೋದರಸೊಸೆಗೆ ಫೋನು ಮಾಡಿ, ಏನೂ ಹೇಳದೆ, ಹಾಡನ್ನು ಹಚ್ಚಿ ಫೋನನ್ನು ಸ್ಪೀಕರಿನ ಬಳಿ ಹಿಡಿದೆ. ಹದಿನೆಂಟೂ ಹಾಡುಗಳನ್ನು ಅವಳು ಒಂದು ಮಾತಾಡದೆ ಕೇಳಿದಳು. ಚಪ್ಪರದಲ್ಲಿ ನೀವು ಕೇಳಿದ್ದು ಮೂರನೆಯ ಹಾಡು. ಕೊನೆಯದನ್ನು ಮಾತ್ರ ಹೊರಗೆ ಯಾರಿಗೂ ಕೇಳಿಸಿಲ್ಲ. ಅದನ್ನು ಹಾಡುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರಬೇಕು, ಟೇಪ್ ರೆಕಾರ್ಡರಿನ ಸೆಲ್ಲುಗಳು ಸೋಲುತ್ತಿದ್ದವು. ಅದರ ಪುಟ್ಟ ಮೋಟಾರು ನಿಧಾನವಾಗುತ್ತ, ಪಟ್ಟಿ ಮೆಲ್ಲಗೆ ಸಾಗಿತ್ತು. ಹಾಗೆ ಮೆಲ್ಲಗೆ ಮುದ್ರಿತವಾದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಪಲ್ಲವಿಯಲ್ಲಿ ಅಕ್ಕನದೇ ಆಗಿರುವ ಧ್ವನಿ ನುಡಿ ನುಡಿಗೂ ತೆಳ್ಳಗಾಗುತ್ತ, ಚುರುಕಾಗುತ್ತ, ಕೊನೆಯ ನುಡಿಗೆ ಬರುವಾಗ ಹತ್ತು ಹನ್ನೊಂದು ವರ್ಷದ ಹುಡುಗಿಯದಾಗಿಬಿಡುತ್ತದೆ. ಅಕ್ಕ ಆ ವಯಸ್ಸಿನಲ್ಲಿದ್ದಾಗ ನಾನು ಬಾಲಕ. ಅವಳ ಸೊಂಟದ ಮೇಲೆ ಕುಳಿತು ತೋಟಕ್ಕೆ ಹೋಗುತ್ತಿದ್ದೆನಂತೆ.

ಕಂಪ್ಯೂಟರಿನಲ್ಲಿ ಆ ವೇಗವನ್ನು ಸರಿಪಡಿಸಬಹುದು, ಐದು ನಿಮಿಷದ ಕೆಲಸ ಎಂದು ಮಗ ಹೇಳುತ್ತಿದ್ದಾನೆ. ಸದ್ಯಕ್ಕೆ ಬೇಡವೆಂದಿದ್ದೇನೆ.